ರೊಸಾಲಿಯ ವಿಳಾಸ

ನೆಬ್ರಾಸ್ಕಾದ ಕಾರ್ವೆಲ್ ಹೈಸ್ಕೂಲಿನಿಂದ 1974ರಲ್ಲಿ ಹೊರಬಿದ್ದವರು ನಾವು ಮೂವತ್ತೊಂದು ಜನ. ಐದು ವರ್ಷಕ್ಕೊಮ್ಮೆ ಈ ಮೂವತ್ತೊಂದು ಜನರನ್ನು ಹುಡುಕಿ, ಕರೆದು, ಚರ್ಚಿನ ಹಾಲಿನಲ್ಲಿ ಕೂಡಿಸಿ, ಹೊಟ್ಟೆ ತುಂಬ ಉಣ್ಣಿಸಿ ಕಳಿಸುತ್ತಿದ್ದವಳು ಬರ್ನಡೀನ್. ಈ ಕೆಲಸವನ್ನು ಯಾರೂ ಅವಳಿಗೆ ಒಪ್ಪಿಸಿರಲಿಲ್ಲ. ಅದೇ ಶಾಲೆಯ ಆಫೀಸಿನಲ್ಲಿ ನಲವತ್ತೊಂದು ವರ್ಷ ಕ್ಲರ್ಕಾಗಿದ್ದಳು. ಊರು ಬಿಟ್ಟವರ ತಾಯಂದಿರು ಅಂಗಡಿಯಲ್ಲಿ ಎದುರಾದರೆ ಸಾಕು, ಮಕ್ಕಳ ಹೊಸ ವಿಳಾಸ ಕೇಳಿ ಬರೆದುಕೊಳ್ಳುತ್ತಿದ್ದಳು. ಅವಳ ಹತ್ತಿರ ಒಂದು ಬೂಟಿನ ಡಬ್ಬಿ, ಅದರಲ್ಲಿ ತಲೆಗೊಂದು ಕಾರ್ಡು. ಮದುವೆಯಾದರೆ ಹೊಸ ಹೆಸರು, ಮನೆ ಬದಲಿಸಿದರೆ ಹೊಸ ವಿಳಾಸ, ಸತ್ತರೆ ಮೂಲೆಯಲ್ಲೊಂದು ಕೆಂಪು ಚುಕ್ಕೆ.

ಒಂದು ಕಾರ್ಡು ಮಾತ್ರ ಮೊದಲ ಕೂಟದಿಂದಲೂ ಹಾಗೇ ಉಳಿದಿತ್ತು. ರೊಸಾಲಿ ವಾನೆಕ್, ವಿಳಾಸ ಗೊತ್ತಿಲ್ಲ. ಪ್ರತಿ ಕೂಟದಲ್ಲೂ ಬರ್ನಡೀನ್ ಈ ಹೆಸರನ್ನು ಕೊನೆಯಲ್ಲಿ ಓದುತ್ತಿದ್ದಳು, ನಾವೆಲ್ಲ ‘ಅಯ್ಯೋ ಪಾಪ, ಎಲ್ಲಿದ್ದಾಳೋ’ ಎನ್ನುತ್ತಿದ್ದೆವು.

ಶಾಲೆಯಲ್ಲಿದ್ದಾಗ ರೊಸಾಲಿ ಮತ್ತು ಬರ್ನಡೀನ್ ಒಂದೇ ಜೀವ. ಇಬ್ಬರೂ ಒಟ್ಟಿಗೆ ಲಿಂಕನ್ ನಗರದ ಕಾಲೇಜಿಗೆ ಹೋಗುವುದೆಂದು ಹಾಸ್ಟೆಲಿನಲ್ಲಿ ಕೋಣೆಯೂ ಗೊತ್ತಾಗಿತ್ತು. ಆ ಆಗಸ್ಟಿನಲ್ಲಿ ಬರ್ನಡೀನಳ ಅಪ್ಪನ ಕಾಲು ಟ್ರಾಕ್ಟರಿನಡಿ ಸಿಕ್ಕಿತು. ‘ಮುಂದಿನ ವರ್ಷ ಬರ್ತೀನಿ’ ಎಂದು ಉಳಿದವಳು ಉಳಿದೇಬಿಟ್ಟಳು. ಎಮಿಲ್‌ನನ್ನು ಮದುವೆಯಾದಳು. ಅವನು ಒಳ್ಳೆಯವನೇ, ಹೆಚ್ಚು ಮಾತಿಲ್ಲ. ರೊಸಾಲಿ ಹೋದಳು. ಎರಡು ವರ್ಷದ ಮೇಲೆ ಅವಳ ಅಪ್ಪ ಅಮ್ಮನೂ ಜಮೀನು ಮಾರಿ ಪಶ್ಚಿಮಕ್ಕೆ ಹೋದರು, ಅಲ್ಲಿಗೆ ಆ ಮನೆತನದ ಸುದ್ದಿ ನಿಂತಿತು.

ಐವತ್ತನೆಯ ವರ್ಷದ ಕೂಟ ಬಂದಾಗ ನಮಗೆಲ್ಲ ಅರವತ್ತೆಂಟು. ಅದೇ ಜನವರಿಯಲ್ಲಿ ನಮ್ಮದೇ ತರಗತಿಯ ಗ್ಲೆಂಡಾ ಊರಿಗೆ ಮರಳಿದಳು. ಡೆನ್ವರ್‌ನಲ್ಲಿ ದೊಡ್ಡ ಕೆಲಸದಿಂದ ನಿವೃತ್ತಳಾಗಿ, ಚಿಕ್ಕಮ್ಮನ ಮನೆ ರಿಪೇರಿ ಮಾಡಿಸಿಕೊಂಡು ಕೂತವಳಿಗೆ ಹೊತ್ತು ಹೋಗಬೇಕಲ್ಲ, ಕೂಟದ ಸಮಿತಿಗೆ ಸೇರಿದಳು. ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ತೆರೆದಳು. ಒಂಬತ್ತೇ ದಿನದಲ್ಲಿ ಬದುಕಿದ್ದ ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತೆರಡು ಜನ ಅದರೊಳಗೆ ಸೇರಿ, ಮೊಮ್ಮಕ್ಕಳ ಫೋಟೊ ಹಾಕಿಕೊಂಡು ಹರಟೆಗೆ ನಿಂತಿದ್ದರು.

ಫೆಬ್ರವರಿಯಲ್ಲಿ ಬರ್ನಡೀನಳ ಅಡುಗೆಮನೆಯಲ್ಲಿ ಸಮಿತಿ ಸೇರಿತು. ಸಮಿತಿ ಎಂದರೆ ಅವಳು, ಗ್ಲೆಂಡಾ, ನಾನು. ಮೇಜಿನ ನಡುವೆ ಡಬ್ಬಿ, ಪಕ್ಕದಲ್ಲಿ ಆಗತಾನೇ ಬೆಂದ ಕೊಲಾಚೆ. ಪ್ಲಮ್ ಹೂರಣದ ಆ ಬನ್ನು ಬರ್ನಡೀನಳಷ್ಟು ಚೆನ್ನಾಗಿ ಯಾರಿಗೂ ಬಾರದು.

ಗ್ಲೆಂಡಾ ಡಬ್ಬಿ ನೋಡಿ ನಕ್ಕಳು. “ಅಯ್ಯೋ, ಇದು ಇನ್ನೂ ಇದೆಯೇನೇ ಬರ್ನಿ? ಮ್ಯೂಸಿಯಂಗೆ ಕೊಡಬಹುದು ಕಣೇ.”

“ಕೊಡು. ಜೊತೆಗೆ ನನ್ನನ್ನೂ ಕೂರಿಸಿಬಿಡು,” ಎಂದಳು ಬರ್ನಡೀನ್. ಬಾಯಿ ನಗುತ್ತಿತ್ತು, ಕಿವಿ ಕೆಂಪಾಗಿದ್ದವು.

“ಕೋಪ ಮಾಡ್ಕೋಬೇಡ. ನೀನು ಐದು ವರ್ಷ ಕಷ್ಟಪಟ್ಟು ಹುಡುಕ್ತಿದ್ದಿದ್ದು ಈಗ ಬೆರಳಲ್ಲಿ ಆಗುತ್ತೆ, ಅಷ್ಟೇ ನಾನು ಹೇಳಿದ್ದು.”

“ಸ್ಟಾಂಪು ಹಚ್ಚಿ ಕಳಿಸಿದ ಕಾಗದಕ್ಕೆ ಒಂದು ಬೆಲೆ ಇತ್ತಮ್ಮಾ. ಈಗ ಬೆರಳಲ್ಲಿ ಬಂದೋರು ಬೆರಳಲ್ಲೇ ಹೋಗ್ತಾರೆ.”

ಗ್ಲೆಂಡಾ ಎರಡನೆಯ ಕೊಲಾಚೆ ತೆಗೆದುಕೊಳ್ಳಲು ಕೈ ಚಾಚಿದಳು. ಬರ್ನಡೀನ್ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು. ಅರವತ್ತೆಂಟರ ಹೆಂಗಸು ಹಾಗೆ ಮಾಡಿದ್ದನ್ನು ನೋಡಿ ನನಗೆ ನಗು ಬಂತು. ನಗಬಾರದಿತ್ತು. ನಲವತ್ತೈದು ವರ್ಷ ನಮ್ಮೆಲ್ಲರನ್ನೂ ಕೋಳಿ ಮರಿಗಳ ಹಾಗೆ ಎಣಿಸಿ ಇಟ್ಟುಕೊಂಡವಳು ಅವಳು. ಈಗ ಮರಿಗಳೆಲ್ಲ ಪಕ್ಕದ ಅಂಗಳಕ್ಕೆ ಹೋಗಿ ಕಾಳು ಹೆಕ್ಕುತ್ತಿದ್ದವು.

ಮಾರ್ಚಿನ ಸಭೆಗೆ ಗ್ಲೆಂಡಾ ಬಾಗಿಲಿನಿಂದಲೇ ಕೂಗುತ್ತ ಬಂದಳು. “ಸಿಕ್ಕಿದಳು ಕಣ್ರೇ! ರೊಸಾಲಿ ಸಿಕ್ಕಿದಳು! ಅಲಾಸ್ಕಾದಲ್ಲಿದ್ದಾಳೆ!”

ನಾನು ಎದ್ದು ಕುಣಿಯುವುದೊಂದು ಬಾಕಿ. ಬರ್ನಡೀನ್ ಸಿಂಕಿನ ಕಡೆಗೆ ತಿರುಗಿ ನಲ್ಲಿ ಬಿಟ್ಟಳು. ಗ್ಲೆಂಡಾ ಫೋನು ತೆಗೆದು ರೊಸಾಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ‘ಖಂಡಿತ ಬರುತ್ತೇನೆ. ಎಂಬತ್ತನಾಲ್ಕರಲ್ಲಿ ಒಂದು, ತೊಂಬತ್ತನಾಲ್ಕರಲ್ಲಿ ಒಂದು, ಬರ್ನಿಗೆ ಎರಡು ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ. ನಾನು ಯಾರಿಗೂ ಬೇಡವಾಗಿದ್ದೇನೆ ಎಂದುಕೊಂಡು ಸುಮ್ಮನಾದೆ.’

“ಕಾಗದಾನಾ? ಎಲ್ಲಿ ಹೋಯ್ತು?” ಗ್ಲೆಂಡಾ ಹುಬ್ಬೇರಿಸಿ ನನ್ನ ಕಡೆ ನೋಡಿದಳು. “ಡೋರಾ! ಆಗ ಅಂಚೆ ಕಚೇರಿ ಕಿಟಕೀಲಿ ಕೂತಿದ್ದೋಳು ನೀನೇ ಅಲ್ವೇನೇ? ಏನು ಮಾಡ್ದೆ, ನುಂಗಿಬಿಟ್ಯಾ?”

ಬರ್ನಡೀನ್ ಸಿಂಕಿನಿಂದ ಇತ್ತ ತಿರುಗದೆಯೇ ಹೇಳಿದಳು: “ಆಗೆಲ್ಲ ಟಪಾಲು ಹಾಗೇ ಇತ್ತು. ಎಷ್ಟೋ ಕಳೆದುಹೋಗ್ತಿದ್ದವು.”

ಆ ಕಿಟಕಿಯಲ್ಲಿ ಮೂವತ್ತೆರಡು ವರ್ಷ ಕೂತವಳು ನಾನು. ಎರಡು ಲಕೋಟೆಗಳೂ ನನಗೆ ಚೆನ್ನಾಗಿ ನೆನಪಿದ್ದವು. ಮುಂದೆ ಅಲಾಸ್ಕಾದ ಅಂಚೆ ಮುದ್ರೆ, ಹಿಂಬದಿಯಲ್ಲಿ ಶಾಯಿಯಿಂದ ಬಿಡಿಸಿದ ಮೀನು, ಅದರ ಬಾಯಲ್ಲೊಂದು ಟೋಪಿ. ಅಂಥ ಲಕೋಟೆ ಕಾರ್ವೆಲ್‌ಗೆ ಬೇರೆ ಬಂದಿಲ್ಲ. ಅವನ್ನು ನಾನೇ ನನ್ನ ಕೈಯಾರೆ ಬರ್ನಡೀನಳ ಅಂಚೆ ಪೆಟ್ಟಿಗೆಗೆ ಹಾಕಿದ್ದೆ. ಕಳಿಸಿದವರು ಯಾರೆಂದು ಕೇಳುವ ಅಭ್ಯಾಸ ನಮ್ಮ ಕೆಲಸದಲ್ಲಿಲ್ಲ, ಕೇಳಿರಲಿಲ್ಲ. ಈಗಲೂ ಗ್ಲೆಂಡಾಳ ಎದುರು ಬಾಯಿ ಬಿಡಲಾಗಲಿಲ್ಲ.

ಆದರೆ ಗುಂಪಿನಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ‘ಡೋರಾ ಕೈಗೆ ಚೆಕ್ ಕೊಡಬೇಡ್ರಪ್ಪಾ’ ಎಂದೊಬ್ಬ. ‘ನನ್ನ ಹಳೇ ಪ್ರೇಮಪತ್ರಗಳೂ ಅವಳ ಹೊಟ್ಟೇಲೇ ಇರಬೇಕು’ ಎಂದಿನ್ನೊಬ್ಬ. ಎಲ್ಲ ತಮಾಷೆಯೇ. ನಾಲ್ಕು ತಿಂಗಳು ಅದೇ ತಮಾಷೆ. ಒಂದು ಕಾಗದ ತಪ್ಪಿದರೂ ಊಟ ಸೇರದಿದ್ದವಳು ನಾನು. ಜುಲೈ ಕೊನೆಯ ಹೊತ್ತಿಗೆ ತಡೆಯಲಾಗದೆ ಬರ್ನಡೀನಳ ಮನೆಗೆ ನಡೆದೆ.

ಅವಳು ವರಾಂಡದಲ್ಲಿ ಕೂತು ಚಳಿಗಾಲಕ್ಕೆಂದು ಬೆಂದ ಮೆಕ್ಕೆಜೋಳದ ತೆನೆಗಳಿಂದ ಕಾಳು ಕೊಯ್ಯುತ್ತಿದ್ದಳು. ನಾನೂ ಒಂದು ಚಾಕು ತೆಗೆದುಕೊಂಡು ಎದುರಿಗೆ ಕೂತೆ.

“ಮೀನಿನ ಚಿತ್ರದ ಲಕೋಟೆ ಏನು ಮಾಡ್ದೆ ಬರ್ನಿ?”

ಅವಳ ಚಾಕು ನಿಂತಿತು, ಮತ್ತೆ ನಡೆಯಿತು. “ಇದೆ.”

“ಎಲ್ಲಿ?”

“ಡಬ್ಬೀಲಿ. ತಳದಲ್ಲಿ ರಟ್ಟಿನ ಕೆಳಗೆ.”

“ನಲವತ್ತು ವರ್ಷ! ಪ್ರತಿ ಸಲ ಎದ್ದು ನಿಂತು ‘ವಿಳಾಸ ಗೊತ್ತಿಲ್ಲ’ ಅಂತ ಓದ್ತಿದ್ಯಲ್ಲೇ, ನಾಲಿಗೆ ಹೇಗೆ ಹೊರಳ್ತು ನಿಂಗೆ?”

ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಕೊಯ್ದು ಮುಗಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. “ಮೊದಲನೇದು ಓದ್ದೆ ಡೋರಾ. ನದೀಲಿ ಸಾಲ್ಮನ್ ಮೀನು ಎಣಿಸೋ ಕೆಲಸವಂತೆ. ಪುಟ್ಟ ವಿಮಾನದಲ್ಲಿ ಓಡಾಟವಂತೆ. ಕರಡಿ ಬಂದು ಟೆಂಟು ಮೂಸಿತಂತೆ. ನಾನು ಆವತ್ತು ಬೆಳಗ್ಗೆಯಿಂದ ಮಕ್ಕಳ ಹಾಜರಿ ಪಟ್ಟಿ ಟೈಪ್ ಮಾಡಿ, ಸಂಜೆ ಅಪ್ಪನಿಗೆ ಸ್ನಾನ ಮಾಡಿಸಿ, ಅಡುಗೆಮನೇಲಿ ನಿಂತ್ಕೊಂಡೇ ಓದಿದ್ದು. ಅವಳು ಕೂಟಕ್ಕೆ ಬಂದಿದ್ರೆ ಏನಾಗ್ತಿತ್ತು ಹೇಳು? ಹಾಲಲ್ಲಿದ್ದ ಅಷ್ಟೂ ತಲೆ ಆ ಕಡೆ ತಿರುಗ್ತಿತ್ತು. ನಾನು ಕಾಫಿ ಬಗ್ಗಿಸ್ತಾ ಇರ್ತಿದ್ದೆ. ಆ ಒಂದು ದಿನ ನಂದು ಕಣೇ. ಐದು ವರ್ಷಕ್ಕೆ ಒಂದು ದಿನ. ಅದನ್ನೂ ಅವಳಿಗೆ ಕೊಡಬೇಕಿತ್ತಾ?”

“ಎರಡನೇದು?”

“ಒಡೀಲಿಲ್ಲ. ಇನ್ನೂ ಏನೇನು ಸುಖ ಪಟ್ಟಿದ್ದಾಳೋ ಅಂತ ಹೆದರಿಕೆ ಆಯ್ತು. ಎಸೆಯೋಕೂ ಕೈ ಬರ್ಲಿಲ್ಲ.”

ನನಗೆ ಅವಳ ಮೇಲೆ ಕನಿಕರವೂ ಬಂತು, ಕೆನ್ನೆಗೆ ಒಂದು ಬಿಡಬೇಕೆಂದೂ ಅನಿಸಿತು. “ನೀನು ಹೇಳ್ತೀಯೋ, ನಾನು ಹೇಳ್ಲೋ?” ಎಂದೆ.

“ನಾನೇ ಹೇಳ್ತೀನಿ.”

ಹೇಳಲಿಲ್ಲ. ಇವತ್ತು ನಾಳೆ ಎನ್ನುತ್ತ ಆಗಸ್ಟು ಬಂತು. ಕೂಟಕ್ಕೆ ಎರಡು ದಿನ ಮುಂಚೆ ನಾವಿಬ್ಬರೂ ಅವಳ ಊಟದ ಮೇಜಿನ ಮೇಲೆ ಎದೆಗೆ ಸಿಕ್ಕಿಸುವ ಹೆಸರಿನ ಚೀಟಿ ಅಂಟಿಸುತ್ತಿದ್ದಾಗ ಹೊರಗೆ ಧೂಳು ಹೊತ್ತ ದೊಡ್ಡ ವ್ಯಾನೊಂದು ನಿಂತಿತು. ಇಳಿದವಳು ಗಟ್ಟಿಮುಟ್ಟಾದ ಹೆಂಗಸು, ಗಂಡಸರ ಅಂಗಿ, ಕತ್ತರಿಸಿದ ಬಿಳಿಕೂದಲು, ಬಿಸಿಲಿಗೆ ಸುಟ್ಟ ಮುಖ. ಬಾಗಿಲು ತಟ್ಟದೆ ಒಳಗೆ ಬಂದಳು, ಹದಿನೇಳರ ವಯಸ್ಸಿನಲ್ಲಿ ಬರುತ್ತಿದ್ದ ಹಾಗೆ.

“ಬರ್ನಿ!” ಎಂದು ಅವಳನ್ನು ನೆಲದಿಂದ ಎತ್ತಿಯೇಬಿಟ್ಟಳು ರೊಸಾಲಿ. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಕಾಗದ ನುಂಗಿದ ಮಹಾತಾಯಿ ನೀನೇನಾ? ಜೀರ್ಣ ಆಯ್ತಾ?” ಎಂದು ಮನೆ ಅದುರುವಂತೆ ನಕ್ಕಳು.

ನಾನು ಬರ್ನಡೀನಳ ಮುಖ ನೋಡಿದೆ. ಅವಳು ಅಂಟಿನ ಬಾಟಲಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

“ಅವಳಲ್ಲ ರೊಸಾಲಿ. ನಾನು.”

“ನೀನೇನು?”

ಬರ್ನಡೀನ್ ಒಳಗೆ ಹೋಗಿ ಎರಡು ಲಕೋಟೆಗಳನ್ನು ತಂದು ಮೇಜಿನ ಮೇಲಿಟ್ಟಳು. ರೊಸಾಲಿ ಒಂದೊಂದಾಗಿ ತಿರುಗಿಸಿ ನೋಡಿದಳು. ನಗು ಮುಖದಿಂದ ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಎರಡನೆಯದರ ಅಂಟನ್ನು ಹೆಬ್ಬೆರಳಿನಿಂದ ಸವರಿ, “ಒಡೆದೇ ಇಲ್ವಲ್ಲೇ,” ಎಂದಳು.

“ಹೊಟ್ಟೆಕಿಚ್ಚು,” ಎಂದಳು ಬರ್ನಡೀನ್. ಬೇರೆ ಯಾವ ನೆಪವನ್ನೂ ಹೇಳಲಿಲ್ಲ.

ರೊಸಾಲಿ ತಾನೇ ಲಕೋಟೆ ಹರಿದು, ಮೂವತ್ತು ವರ್ಷದ ಹಿಂದಿನ ತನ್ನದೇ ಅಕ್ಷರ ಓದಿಕೊಂಡಳು. “ಆ ವರ್ಷ ನನ್ನ ಗಂಡ ದೋಣಿ ಮಗುಚಿ ತೀರಿಹೋಗಿದ್ದ. ಅದನ್ನ ಬರೆದಿದ್ದೀನಿ. ಬೇಸಿಗೆ ಮೂರು ತಿಂಗಳು ಎಣಿಕೆ ಕೆಲಸಕ್ಕೆ ಒಬ್ಬರು ಬೇಕಿತ್ತು, ಮೇಲಿನವರನ್ನ ಕೇಳಿ ಒಪ್ಪಿಸಿದ್ದೆ. ನಿನ್ನನ್ನ ಕರೆದಿದ್ದೆ ಬರ್ನಿ.”

ಬರ್ನಡೀನ್ ಕಾಗದ ಇಸಿದುಕೊಂಡು ಆ ಸಾಲನ್ನು ತಾನೇ ಓದಿದಳು. “ನಾನು ಬರ್ತಿರ್ಲಿಲ್ಲ. ಎರಡು ಮಕ್ಕಳು, ಅಪ್ಪ...” ಎಂದಳು.

“ಗೊತ್ತು. ಆದ್ರೆ ಕರೆದಿದ್ದೆ ಅನ್ನೋದು ನಿಂಗೆ ಗೊತ್ತಿರ್ತಿತ್ತು.”

ರೊಸಾಲಿ ಎದ್ದು ಹೊರಟಳು. ವ್ಯಾನು ಊರಾಚೆಯ ಕೆರೆಯ ಕಡೆಗೆ ಹೋದದ್ದು ಕಂಡಿತು. ಅವಳು ಕೂಟಕ್ಕೆ ಬರುವುದಿಲ್ಲವೆಂದೇ ನಾನಂದುಕೊಂಡೆ.

ಬಂದಳು. ಶನಿವಾರ ಮಧ್ಯಾಹ್ನ ಚರ್ಚಿನ ಹಾಲಿನಲ್ಲಿ ಬರ್ನಡೀನ್ ನಲವತ್ತು ವರ್ಷ ಹೆದರಿದ್ದು ಅಕ್ಷರಶಃ ನಡೆಯಿತು. ಎಲ್ಲ ತಲೆಗಳೂ ರೊಸಾಲಿಯ ಕಡೆ ತಿರುಗಿದವು. ಗ್ಲೆಂಡಾ ಅವಳ ತೋಳು ಹಿಡಿದು ತಾನೇ ಹೆತ್ತವಳ ಹಾಗೆ ಮೆರೆಸಿದಳು. ಕರಡಿಯ ಕಥೆ ಮೂರು ಸಲ ಆಯಿತು. ಬರ್ನಡೀನ್ ಅಡುಗೆಮನೆಯ ಕಿಂಡಿಯ ಹಿಂದೆ ನಿಂತು ಕಾಫಿ ಬಗ್ಗಿಸುತ್ತಿದ್ದಳು. ಮುಖ ನೋಡಲಾಗುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಹೊಟ್ಟೆಯ ಕಿಚ್ಚು ಆರಬೇಕೆಂದೇನಿದೆ?

ಊಟದ ನಡುವೆ ಯಾರೋ, “ಡೋರಾ, ನನ್ನ ತಟ್ಟೆ ನುಂಗಬೇಡ!” ಎಂದ. ಹಾಲೆಲ್ಲ ನಕ್ಕಿತು. ಬರ್ನಡೀನ್ ಕಾಫಿಯ ಪಾತ್ರೆ ಕೆಳಗಿಟ್ಟು, ಏಪ್ರನ್ ಬಿಚ್ಚದೆಯೇ ಹಾಲಿನ ನಡುವೆ ಬಂದಳು.

“ಸಾಕು ನಿಲ್ಸಿ. ಡೋರಾ ಒಂದು ಕಾಗದಾನೂ ಕಳೆದಿಲ್ಲ. ಎರಡೂ ನನ್ನ ಕೈಗೆ ಬಂದಿದ್ವು. ನಾನು ಬಚ್ಚಿಟ್ಟೆ. ರೊಸಾಲಿ ಮೇಲೆ ನನಗೆ ಹೊಟ್ಟೆ ಉರಿ ಇತ್ತು, ಅದಕ್ಕೆ.”

ಗ್ಲೆಂಡಾ, “ಛೆ, ಎಂಥ ಹೆಂಗಸೇ ನೀನು!” ಎಂದಳು. ಒಂದಿಬ್ಬರು ತಲೆಯಾಡಿಸಿದರು. ಎಮಿಲ್ ತನ್ನ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದು ಹೆಂಡತಿಗೆ ಜಾಗ ಮಾಡಿದ. ಅವಳು ಕೂರಲಿಲ್ಲ.

ರೊಸಾಲಿ ಬಾಯಿ ಒರೆಸಿಕೊಂಡು ಕೇಳಿದಳು: “ಇತ್ತು ಅಂದ್ಯಲ್ಲ, ಈಗ?”

“ಈಗ್ಲೂ ಇದೆ,” ಎಂದಳು ಬರ್ನಡೀನ್. “ಇಲ್ಲಿಗೆ ಬಂದು ಒಂದು ಗಂಟೆ ಆಗಿಲ್ಲ, ನನ್ನ ನಲವತ್ತೈದು ವರ್ಷದ ಜನಾನೆಲ್ಲ ಬುಟ್ಟಿಗೆ ಹಾಕ್ಕೊಂಡೆ.”

ರೊಸಾಲಿ ನಗಲಿಲ್ಲ, ಬೈಯಲೂ ಇಲ್ಲ. “ನನಗೆ ಇನ್ನೂ ಕೋಪ ಇದೆ. ಸಮ ಆಯ್ತು ಬಿಡು,” ಎಂದು ತಟ್ಟೆಯ ಕಡೆಗೆ ತಿರುಗಿದಳು.

ಅವರಿಬ್ಬರೂ ಅಂದು ಅಪ್ಪಿಕೊಂಡು ಅತ್ತರು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ರೊಸಾಲಿ ಇನ್ನೂ ಮೂರು ದಿನ ಕೆರೆಯ ಬದಿಯಲ್ಲಿ ವ್ಯಾನಿನಲ್ಲೇ ಇದ್ದಳು. ಎರಡು ದಿನ ಬರ್ನಡೀನ್ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಹೋದವಳು ಸಂಜೆಗೆ ಮೂಗು ಕೆಂಪಗೆ ಮಾಡಿಕೊಂಡು ಬಂದಳು. ಮಾತೇನಾಯಿತೆಂದು ನನಗೆ ಹೇಳಲಿಲ್ಲ. ಮರುವಾರ ಸಮಿತಿಯ ಕೆಲಸವನ್ನೆಲ್ಲ ಗ್ಲೆಂಡಾಳಿಗೆ ಒಪ್ಪಿಸಿಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಬರ್ನಡೀನ್ ಅಲಾಸ್ಕಾಗೆ ಹೋಗಿ ಎರಡು ವಾರ ಇದ್ದು ಬಂದಳು. ರೊಸಾಲಿಯೇ ಕರೆದಿದ್ದಳು. ಬಂದ ಮೇಲೆ ನನ್ನ ಮನೆಯಲ್ಲಿ ಕೂತು ವರದಿ ಕೊಟ್ಟಳು.

“ಸೊಳ್ಳೆ ಅಂದ್ರೆ ಗುಬ್ಬಚ್ಚಿ ಗಾತ್ರ. ಅವಳ ಗೊರಕೆಗೆ ಕರಡೀನೂ ಹತ್ರ ಬರಲ್ಲ. ಮೀನು ತಿಂದು ತಿಂದು ಸಾಕಾಯ್ತು.” ಆಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ಆ ಹುಳಿ ಮುಖ ಮಾಡಿ, “ಪಾತ್ರೆ ತೊಳೀತಾ ನಿಂತ್ರೆ ಕಿಟಕೀಲಿ ಇಡೀ ನದಿ ಕಾಣ್ಸುತ್ತೆ ಕಣೇ ಅವಳಿಗೆ. ಇಡೀ ನದಿ,” ಎಂದಳು.

“ಬರೋ ವರ್ಷಾನೂ ಹೋಗ್ತೀಯಾ?”

“ಕರೆದಿದ್ದಾಳೆ.”

ನಾನು ಅವಳ ಲೋಟಕ್ಕೆ ಕಾಫಿ ತುಂಬಿಸಿದೆ. ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಒಳ್ಳೆಯದಾಯಿತು, ಹೋಗಿ ಬಾ ಎಂದೆ. ಆ ಮಾತು ನನ್ನ ಬಾಯಿಂದ ಸಲೀಸಾಗಿ ಬರಲಿಲ್ಲ.