ಡಾಂಬರ ಬಿಡಬ್ಯಾಡ್ರಿ ಅಕ್ಕಾ

ಸೇಡಂಗೆ ಬಂದ ಮರುದಿನ ಬೆಳಿಗ್ಗೆ ಎದ್ದವಳೇ ನಾನು ಮಾಡಿದ ಮೊದಲ ಕೆಲಸ ಕಾರಿನ ಮುಂದಿನ ಗಾಜಿಗೆ ಒಂದು ಚೊಂಬು ನೀರು ಎರಚಿದ್ದು. ಮಳವಳ್ಳಿಯಲ್ಲಿ ಅಪ್ಪ ಜೀವನಪೂರ್ತಿ ಹಾಗೆಯೇ ಮಾಡಿದವನು. ನೀರು ಬಿದ್ದರೆ ಗಾಜು ಫಳಫಳ ಹೊಳೆಯುತ್ತಿತ್ತು. ಇಲ್ಲಿ ಹೊಳೆಯಲಿಲ್ಲ. ಗಾಜಿನ ಮೇಲೆ ಕೂತಿದ್ದ ಬೂದುಬಣ್ಣದ ಪುಡಿ ನೀರು ಕುಡಿದು ಗಂಜಿಯಾಯಿತು. ಗಾಬರಿಯಾಗಿ ವೈಪರ್ ಹಾಕಿದೆ. ಗಂಜಿ ಗಾಜಿನ ತುಂಬ ಬಳಿದುಕೊಂಡು, ಅಂಚಿನಲ್ಲೆಲ್ಲ ಗಾರೆಯ ಹಾಗೆ ಗಟ್ಟಿಯಾಗತೊಡಗಿತು.

"ನೀರ್ ಹಾಕಬ್ಯಾಡ್ರಿ ಅಕ್ಕಾ! ಅದು ಸಿಮೆಂಟ್ ಅದ! ಒಣಾ ಅರಬಿಲೆ ಝಾಡಿಸಬೇಕು!"

ಅಂಗಳದ ಆ ಕಡೆಯಿಂದ ಓಡಿ ಬಂದವಳು ಮಹಾದೇವಿ, ನನಗೆ ಮನೆ ಬಾಡಿಗೆ ಕೊಟ್ಟ ಕಾಶಮ್ಮನವರ ಸೊಸೆ. ಅರಬಿ ಎಂದರೆ ಬಟ್ಟೆ. ಗಾಳಿ ಕಾರ್ಖಾನೆಗಳ ಕಡೆಯಿಂದ ಬೀಸಿದ ದಿನ ಇಲ್ಲಿ ಎಲ್ಲದರ ಮೇಲೂ ಈ ಪುಡಿ ಕೂರುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಝಾಡಿಸಬೇಕು, ನೀರು ಆಮೇಲೆ. ಅಂದು ಅವಳೂ ನಾನೂ ಕೂತು ಗಾಜು ಕೆರೆದೆವು. ಗಾಡಿ ಇಟ್ಟುಕೊಳ್ಳುವುದರಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಹೊತ್ತು ಬಂದವಳು ನಾನು. ಅದು ಒಂದು ರಾತ್ರಿ ದಾಟಿ ಬಾಳಲಿಲ್ಲ.

ಮಂಡ್ಯ ಸೀಮೆಯ ನಮ್ಮವರಿಗೆ ನನ್ನ ಜಂಬ ಗೊತ್ತು. ಅಪ್ಪನದು ಅಂಬಾಸಿಡರ್ ಟ್ಯಾಕ್ಸಿ. ಊರಿನ ಎಷ್ಟೋ ಮದುಮಕ್ಕಳು ಅದರಲ್ಲಿ ಕೂತು ಹೋಗಿದ್ದಾರೆ. ನನ್ನ ಕಾಲು ಪೆಡಲಿಗೆ ಎಟುಕಿದ ವರ್ಷವೇ ಅಪ್ಪ ನನ್ನನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಕೊಟ್ಟ. ಆ ಗಾಡಿಯ ಗೇರು ಸ್ಟೀರಿಂಗಿನ ಪಕ್ಕದಲ್ಲಿತ್ತು. ಹಾಕುವಾಗ ಭುಜ ನೋಯುತ್ತಿತ್ತು. ಅಪ್ಪ ಹೆಚ್ಚು ಮಾತಿನವನಲ್ಲ. ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳುತ್ತಿದ್ದ: ಎದುರಿಗೆ ದೊಡ್ಡ ಗಾಡಿ ಬಂದರೆ ಸೊಕ್ಕು ಮಾಡಬೇಡ, ಎಡದ ಎರಡು ಚಕ್ರ ಮಣ್ಣಿಗೆ ಇಳಿಸು, ದಾರಿ ಕೊಡು. ನಮ್ಮ ಕೆಂಪು ಮಣ್ಣು ಮಳೆಯಲ್ಲೂ ಚಕ್ರ ಹಿಡಿದುಕೊಳ್ಳುತ್ತದೆ. ಇಳಿಸುವುದು, ಹತ್ತಿಸುವುದು ನನಗೆ ಉಸಿರಾಟದಷ್ಟೇ ಸಲೀಸಾಯಿತು. ಪಶುವೈದ್ಯೆಯಾಗಿ ಕೆಲಸ ಸಿಕ್ಕಿ, ಯಾರೋ ಓಡಿಸಿ ಬಿಟ್ಟಿದ್ದ ಎಂಟು ನೂರು ಸಿಸಿಯ ಕೆಂಪು ಕಾರು ಕೊಂಡಾಗ ಮೊದಲ ಸುತ್ತು ಹೊಡೆದದ್ದೂ ಅದೇ ಕಾಲುವೆ ದಂಡೆಯ ಮೇಲೆ. ಆ ಕಾರನ್ನೇ ಓಡಿಸಿಕೊಂಡು ರಾಜ್ಯದ ಈ ತುದಿಗೆ ಬಂದೆ.

ಸುಲೇಪೇಟ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಮನೆ ಸಿಕ್ಕಿದ್ದು ಸೇಡಂನಲ್ಲಿ, ಅದೂ ಸುಲಭಕ್ಕಲ್ಲ. ಒಂಟಿ ಹೆಂಗಸು, ಮೇಲೆ ಕಾರು ಬೇರೆ. ಹಲವರು ಕಾರನ್ನು ನೋಡಿ "ಡ್ರೈವರ್ ಎಲ್ಲಿ ಮಲಗ್ತಾನ್ರಿ?" ಎಂದು ಕೇಳಿದರು. ಕಾಶಮ್ಮ ಮಾತ್ರ ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ ನನ್ನನ್ನೇ ನೋಡಿ, "ಒಬ್ಬಾಕೆ ಅಷ್ಟ್ ದೂರದಿಂದ ಹೊಡ್ಕೊಂಡ್ ಬಂದೀಯೇನವ್ವ? ಮೊದಲ ಒಳಗ್ ಬಾ, ಊಟ ಮಾಡು" ಎಂದರು. ಇಲ್ಲಿ ಗಾಡಿ ಹೊಡೆಯುವುದೆಂದರೆ ಓಡಿಸುವುದು.

ಮನೆಯ ನೆಲ, ಕಟ್ಟೆ, ಮಾಳಿಗೆ ಎಲ್ಲವೂ ಫರ್ಸಿ. ನಮ್ಮಲ್ಲಿ ಶಹಾಬಾದ್ ಕಲ್ಲೆಂದು ಅಡುಗೆಕಟ್ಟೆಗೆ ಒಂದೇ ಒಂದು ಚಪ್ಪಡಿ ಹಾಕಿಸಿ ಬೀಗುತ್ತೇವಲ್ಲ, ಅದು. ಇಲ್ಲಿ ದನದ ಕೊಟ್ಟಿಗೆಗೂ ಅದೇ. ಬೇಸಿಗೆಯಲ್ಲಿ ಅದರ ಕೆಳಗೆ ಮಲಗುವುದೆಂದರೆ ಹೆಂಚಿನ ಮೇಲಿನ ರೊಟ್ಟಿಯ ಪಾಡು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಮುದ್ದೆ ನುಂಗಿ ಬೆಳೆದ ನನ್ನ ಗಂಟಲಿಗೆ ಅಗಿಯುವುದೇ ಒಂದು ಹೊಸ ಕೆಲಸವಾಯಿತು. ಇಲ್ಲಿಯದೂ ಕನ್ನಡವೇ, ನನ್ನದೂ ಕನ್ನಡವೇ, ಆದರೂ ಅಂಗಡಿಯಲ್ಲಿ ನಾನು ಬಾಯಿ ಬಿಟ್ಟರೆ ಸಾಕು, "ನೀವು ಬೆಂಗ್ಳೂರ್ ಕಡಿಯೋರೇನ್ರಿ?" ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ನಾನು ಒಂದು ವಾರವೂ ಇದ್ದವಳಲ್ಲ. ಸಂಜೆ ತೀರ ಬೇಸರವಾದಾಗ ಅಂಗಳದಲ್ಲಿ ನಿಂತ ಕಾರಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಎಲ್ಲಿಗೂ ಹೋಗದೆ ಸುಮ್ಮನೆ ಕೂರುತ್ತಿದ್ದೆ. ಆ ಸೀಟೊಂದು ಮಾತ್ರ ನನ್ನ ಗುರುತಿನದು. ಕಾಶಮ್ಮ ಅದನ್ನು ನೋಡಿ ಒಂದು ದಿನ ಚಹಾವನ್ನು ಕಾರಿಗೇ ಕಳಿಸಿದರು.

ಮೊದಲ ಮಳೆ ಹಿಡಿದ ವಾರ ಮಹಾದೇವಿ ತವರಿಗೆ ಹೊರಟಿದ್ದಳು. ತವರು ಚಿಮ್ಮನಚೋಡ. ನನ್ನ ಕೆಲಸವೂ ಆ ದಿಕ್ಕಿಗೇ ಇತ್ತು, ಕಾರಿನಲ್ಲಿ ಕೂರಿಸಿಕೊಂಡೆ. ಸುಲೇಪೇಟ ದಾಟಿದ ಮೇಲೆ ಎದುರಿಗೆ ಲಾರಿ ಬಂತು. ನನ್ನ ಕೈ ಕೇಳದೆಯೇ ಅಪ್ಪನ ಪಾಠ ಒಪ್ಪಿಸಿತು: ಎಡದ ಎರಡು ಚಕ್ರ ಮಣ್ಣಿಗೆ ಇಳಿದವು. ಅದು ಎರಿ, ಅಂದರೆ ಈ ಸೀಮೆಯ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ನೆಲ ಮಳೆಯಲ್ಲಿ ಬೆಣ್ಣೆ. ಸ್ಟೀರಿಂಗ್ ನನ್ನ ಕೈಯಲ್ಲಿದ್ದೂ ನನ್ನದಾಗಿ ಉಳಿಯಲಿಲ್ಲ. ಕಾರು ಅಡ್ಡಡ್ಡ ಜಾರಿ ಹೊಲದಲ್ಲಿ ಮುಕ್ಕಾಲು ಚಕ್ರ ಹೂತು ನಿಂತಿತು. ನಾನು ರೇಸ್ ಕೊಟ್ಟೆ. ಇನ್ನಷ್ಟು ಹೂತಿತು.

"ಕಾಲ್ ತಗೀರಿ ಅಕ್ಕಾ! ಹೆದರಿ ರೇಸ್ ಕೊಟ್ರ ಇನ್ನಾ ಒಳಗ್ ಹೋಗ್ತದ. ಇಳೀರಿ, ನಾ ನೋಡ್ತೀನಿ."

ಸೀರೆ ಎತ್ತಿ ಕಟ್ಟಿ, ಬದುವಿನ ಮೇಲೆ ಬಿದ್ದಿದ್ದ ಹೋದ ವರ್ಷದ ತೊಗರಿ ಕಟ್ಟಿಗೆಯನ್ನು ತಂದು ಚಕ್ರದ ಕೆಳಗೆ ತುರುಕಿದಳು. ಚಪ್ಪಲಿ ಬಿಟ್ಟು ನನ್ನ ಸೀಟಿನಲ್ಲಿ ಕೂತಳು. ದಾರಿಹೋಕರಿಬ್ಬರೊಂದಿಗೆ ನಾನು ಹಿಂದಿನಿಂದ ನೂಕಿದೆ. ಎಂಜಿನ್ ಕಿರುಚದಂತೆ, ಮಗುವನ್ನು ಎಬ್ಬಿಸದೆ ತೊಟ್ಟಿಲಿನಿಂದ ಎತ್ತುವ ಹಾಗೆ ಅವಳು ಗಾಡಿಯನ್ನು ಮೇಲೆ ತಂದಳು. ನನ್ನ ಮೈಯೆಲ್ಲ ಕೆಸರು, ಅವಳ ಮುಖವೆಲ್ಲ ನಗು.

"ಡಾಂಬರ ಬಿಡಬ್ಯಾಡ್ರಿ ಅಕ್ಕಾ. ಎದುರಿನಾವ ಎಷ್ಟ್ ದೊಡ್ಡಾವಾದ್ರೂ ಬಿಡಬ್ಯಾಡ್ರಿ. ನಿಂದ್ರಸ್ರಿ ಗಾಡಿ. ದಾರಿ ಹ್ಯಾಂಗ ಮಾಡ್ಕೋಬೇಕು, ಅವಾ ಮಾಡ್ಕೋತಾನ."

ಆ ದಿನ ಗೊತ್ತಾಯಿತು: ತವರಿನಲ್ಲಿ ಅಣ್ಣನ ಟ್ರ್ಯಾಕ್ಟರನ್ನು ಹೊಲಕ್ಕೆ ಒಯ್ದು ತರುತ್ತಿದ್ದವಳು ಇವಳು. ಮದುವೆಯಾದ ಮೇಲೆ ಮುಟ್ಟಿಲ್ಲ. ಗಂಡ ಶಿವಶರಣಪ್ಪನಿಗೆ ತೊಗರಿ ವ್ಯಾಪಾರ. ಮನೆಗೆ ಹೊಸ ಕಾರು ಬಂದಾಗ ಪೂಜೆಯ ಕುಂಕುಮ ಹಚ್ಚಿದ್ದು ಇವಳೇ, ಆದರೆ ಬಲಗಡೆಯ ಬಾಗಿಲು ಇವಳಿಗೆ ತೆರೆದಿಲ್ಲ. "ಒಮ್ಮಿ ಕೇಳ್ದೆ ಅಕ್ಕಾ. 'ನಿನಗ್ಯಾಕ, ನಾ ಇಲ್ಲೇನು?' ಅಂದ್ರು. ಅದಕ್ಕ ಏನ್ ಹೇಳ್ಬೇಕು?" ಎಂದಳು. ನನ್ನ ಹತ್ತಿರ ಕಾರಿತ್ತು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊರಡತೊಡಗಿದೆವು. ಕಲಿಯುವವರ ಲೈಸೆನ್ಸಿಗೆ ಗಂಡನ ಸಹಿ ಬೇಕಿಲ್ಲ ಎಂದಾಗ ಅವಳು ನಂಬಲೇ ಇಲ್ಲ. ಕೈಗೆ ಬಂದ ಮೇಲೂ ತಿರುಗಿಸಿ ತಿರುಗಿಸಿ ನೋಡಿದಳು. ಚಿತ್ತಾಪುರದ ಕಡೆ ಒಂದು ಬಿಟ್ಟುಹೋದ ಖಣಿ ಇದೆ, ಅಂದರೆ ಕಲ್ಲು ತೆಗೆದ ಹೊಂಡ. ಅದರ ತಳ ಮನೆಯ ನೆಲದಷ್ಟು ಸಮ. ನನಗೆ ಕಾಲುವೆ ದಂಡೆ ಹೇಗೋ ಅವಳಿಗೆ ಅದು ಹಾಗಾಯಿತು. ಟ್ರ್ಯಾಕ್ಟರಿನ ರೂಢಿಯವಳು ಕ್ಲಚ್ಚಿನ ಮೇಲೆ ಎದ್ದು ನಿಲ್ಲುವ ಹಾಗೆ ತುಳಿಯುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು "ಬೈರಿ, ಬೈರಿ, ಹಂಗ್ ಬೈದ್ರ ಜಲ್ದಿ ಬರ್ತದ" ಎಂದು ನಗುತ್ತಿದ್ದಳು. ಒಂದು ಭಾನುವಾರ ವಾಡಿಯವರೆಗೂ ಅವಳೇ ಹೊಡೆದಳು. ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಮಿರ್ಚಿಭಜಿ ತಿನ್ನುತ್ತ, ಮುಗಿಯದಷ್ಟು ಉದ್ದದ ಗೂಡ್ಸ್ ರೈಲು ಹೋಗುವುದನ್ನು ನೋಡಿದೆವು. ಮಳವಳ್ಳಿ ಬಿಟ್ಟ ಮೇಲೆ ನನಗೆ ಎಲ್ಲೂ ಇಷ್ಟು ಹಗುರವಾಗಿರಲಿಲ್ಲ. ಕಾಶಮ್ಮನವರಿಗೆ ತಿಳಿದಿತ್ತೇ? ಸೊಸೆಯ ಬಲ ಅಂಗೈಯಲ್ಲಿ ಸ್ಟೀರಿಂಗಿನ ಕಪ್ಪು ಅಂಟಿದ್ದನ್ನು ನೋಡಿದ್ದರೆಂದು ನನಗೆ ಖಾತ್ರಿ.

ತೊಗರಿ ರಾಶಿಯ ಕಾಲ, ಅಂದರೆ ಒಕ್ಕಣೆಯ ಕಾಲ ಬಂತು. ನಮ್ಮಲ್ಲಿಯೂ ಹುರುಳಿಯನ್ನು ರಸ್ತೆಗೆ ಹಾಕುವವರಿದ್ದಾರೆ. ಇಲ್ಲಿ ಊರಿಗೆ ಊರೇ ತೊಗರಿ ಗಿಡವನ್ನು ಡಾಂಬರಿನ ಮೇಲೆ ಹರಡಿ, ಹೋಗಿಬರುವ ಗಾಡಿಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುತ್ತದೆ. ನನಗೆ ಅದರ ಮೇಲೆ ಹೋಗಲು ಜೀವ ಹೆದರುತ್ತದೆ. ಒಣ ಕಟ್ಟಿಗೆ ಕೆಳಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಗಾಡಿ ಉಳಿಯುವುದಿಲ್ಲ. ಒಂದು ಭಾನುವಾರ ನಾವಿಬ್ಬರೂ ಚಿಮ್ಮನಚೋಡಕ್ಕೆ ಹೋದಾಗ ಮಹಾದೇವಿಯ ಅಣ್ಣನ ತೊಗರಿ ರಸ್ತೆ ತುಂಬ ಬಿದ್ದಿತ್ತು. ಬೆಳಗಿನಿಂದ ಗಾಡಿಗಳೇ ಬಂದಿರಲಿಲ್ಲ. ಹೆಂಗಸರು ಬಡಿಗೆ ಹಿಡಿದು ಬಡಿದು ಸೋತಿದ್ದರು.

"ಇಳೀರಿ ಅಕ್ಕಾ," ಎಂದಳು ಮಹಾದೇವಿ.

ಇಳಿದೆ. ಅವಳು ತೊಗರಿಯ ಮೇಲೆ ಮೆಲ್ಲಗೆ ಹೋದಳು, ತಿರುಗಿಸಿದಳು, ಬಂದಳು, ಮತ್ತೆ ಹೋದಳು. ಪ್ರತಿ ಸುತ್ತಿಗೂ ನಾನು ಬಗ್ಗಿ ಕೆಳಗಿನ ಕಟ್ಟಿಗೆ ಎಳೆದು ತೆಗೆಯುತ್ತಿದ್ದೆ. ಕಾಯಿ ಚಟಪಟ ಒಡೆಯುತ್ತಿದ್ದವು. ಹೆಂಗಸರು ಬಡಿಗೆ ಕೆಳಗಿಟ್ಟು ಚಪ್ಪಾಳೆ ಹೊಡೆದರು, ಅವಳ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಅಣ್ಣ "ನಮ್ಮ್ ಮಾದೇವಿ ನೋಡ್ರೋ!" ಎಂದು ಕೂಗಿದ. ಯಾರೋ ಫೋನಿನಲ್ಲಿ ಅದನ್ನೆಲ್ಲ ತೆಗೆದರು. ನಾನೂ ಚಪ್ಪಾಳೆ ಹೊಡೆದೆ. ಫೋನು ಹಿಡಿದವರನ್ನು ತಡೆಯಬೇಕೆಂದು ನನಗೆ ಹೊಳೆಯಲೇ ಇಲ್ಲ, ಅಲ್ಲಿಯ ಯಾರಿಗೂ ಹೊಳೆಯಲಿಲ್ಲ.

ನಾವು ಸೇಡಂ ತಲುಪುವ ಮೊದಲೇ ಆ ವಿಡಿಯೋ ಬಜಾರು ತಲುಪಿತ್ತು. "ಶರಣಪ್ಪನ ಹೇಂತಿ ರಾಶಿ ಮಾಡ್ಲಿಕತ್ತಾಳ ನೋಡ್ರಿ, ಇನ್ನ ಇವಂದೇನ್ ಕೆಲಸ" ಎಂದು ವ್ಯಾಪಾರಿಗಳು ಶಿವಶರಣಪ್ಪನ ಮುಂದೆಯೇ ನಕ್ಕರಂತೆ. ಆತ ಮನೆಯಲ್ಲಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನನ್ನ ಬಾಗಿಲಿಗೆ ಬಂದು, ಕೈಮುಗಿದು, ತಲೆ ತಗ್ಗಿಸಿ ಹೇಳಿದರು: "ಮೇಡಮ್ಮಾರ, ನಮ್ಮ ತಮ್ಮ ಬರಾವ್ ಇದ್ದಾನ. ಮನಿ ಬೇಕಾಗ್ಯದ್ರಿ. ತಪ್ಪ್ ತಿಳ್ಕೋಬ್ಯಾಡ್ರಿ." ಅಂಥ ತಮ್ಮ ಯಾರೂ ಬರುವವನಿಲ್ಲವೆಂದು ಅವರಿಗೂ ನನಗೂ ಗೊತ್ತಿತ್ತು.

ಸಿಟ್ಟು ನೆತ್ತಿಗೇರಿ ಕಾಶಮ್ಮನವರ ಬಳಿ ಹೋದೆ. ಅವರು ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದರು. ಮಹಾದೇವಿ ಮಾಡಿದ ತಪ್ಪಾದರೂ ಏನು ಎಂದು ಕೇಳಿದೆ.

"ತಪ್ಪ್ ಯಾರಂದ್ರವ್ವ? ನಾನೂ ನೋಡ್ದೆ ವಿಡಿಯೋ. ಛಲೋ ಹೊಡೀತಾಳ ಹುಡುಗಿ, ಸುಳ್ಳ್ ಯಾಕ ಹೇಳ್ಲಿ." ನನ್ನ ಕೈ ಹಿಡಿದು ಹೇಳಿದರು: "ಖರೇ ಹೇಳ್ತೀನಿ ಕೇಳು. ನೀ ಹೋಗಾಕಿ. ಆಕಿ ಇರಾಕಿ. ನಾಳಿ ನಿನ್ ಗಾಡಿ ನಿನ್ನ ಹಿಂದ ಹೋಗ್ತದ. ಬಜಾರದಾಗಿನ ಮಾತು ಆಕಿ ಹಿಂದ ಉಳೀತಾವ."

ಆ ಮಾತಿಗೆ ನನ್ನ ಸಿಟ್ಟು ಸತ್ತುಹೋಯಿತು, ದುಃಖ ಉಳಿಯಿತು. ಇವರ ಮನೆಯ ಮಗಳೇ ಆಗಿಬಿಟ್ಟೆನೆಂದು ನಾನು ತಿಳಿದಿದ್ದೆ. ಇವರು ಅಷ್ಟೂ ದಿನ ನನ್ನನ್ನು ಪ್ರೀತಿಯಿಂದಲೇ ನೋಡಿದ್ದರು, ಹೊರಟು ನಿಂತವಳೆಂದೇ ತಿಳಿದಿದ್ದರು. ಎರಡೂ ಒಟ್ಟಿಗೆ ನಿಜವಿರಬಹುದೆಂದು ನಾನು ಎಣಿಸಿರಲಿಲ್ಲ.

ಚಿಂಚೋಳಿಯಲ್ಲಿ ಬೇರೆ ಕೋಣೆ ನೋಡಿಕೊಂಡೆ. ಹೊರಡುವ ದಿನ ಮಹಾದೇವಿ ಕಡಕ್ ರೊಟ್ಟಿಯ ಗಂಟು ತಂದು ಹಿಂದಿನ ಸೀಟಿನಲ್ಲಿಟ್ಟಳು. ಗಂಡ ಬಾಗಿಲಲ್ಲಿ ನಿಂತಿದ್ದರು. ಅವಳು ಒಣ ಬಟ್ಟೆಯಿಂದ ಗಾಜನ್ನು ಒಂದು ಸಲ ಝಾಡಿಸಿದಳು. "ಡಾಂಬರ ಬಿಡಬ್ಯಾಡ್ರಿ ಅಕ್ಕಾ," ಎಂದಳು. ಅಷ್ಟೇ.

ಅದಾದ ಮೇಲೆ ಅವಳನ್ನು ಒಮ್ಮೆ ಸೇಡಂ ಬಜಾರಿನಲ್ಲಿ ಕಂಡೆ. ಗಂಡನ ಹೊಸ ಕಾರಿನ ಎಡಸೀಟಿನಲ್ಲಿ ಕೂತಿದ್ದಳು. ನನ್ನನ್ನು ನೋಡಿದಳು, ಕೈ ಎತ್ತಲಿಲ್ಲ. ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂತು. ಆತ ಬ್ರೇಕ್ ತುಳಿಯುವುದಕ್ಕೆ ಮುಂಚೆಯೇ ಅವಳ ಮೈ ಬ್ರೇಕ್ ತುಳಿದವಳ ಹಾಗೆ ಹಿಂದಕ್ಕೆ ಸರಿದು ಬಿಗಿಯಾಯಿತು. ಅವಳು ಹೊಡೆಯುತ್ತಲೇ ಇದ್ದಾಳೆ, ಗಾಡಿ ಮಾತ್ರ ಅವಳ ಕೈಯಲ್ಲಿಲ್ಲ. ನಾನು ಎಮ್ಮೆಯ ಈ ಬದಿಯಲ್ಲಿ ನನ್ನ ಕಾರಿನೊಳಗೆ ಅಳುತ್ತ ಕೂತೆ.

ಮೊನ್ನೆ ಮಳೆಗಾಲದಲ್ಲಿ ರಜೆ ಹಾಕಿ ಮಳವಳ್ಳಿಗೆ ಬಂದಿದ್ದೆ. ಅಪ್ಪನಿಗೆ ಈಗ ಕಣ್ಣು ಮಂಜು, ಗಾಡಿ ಬಿಟ್ಟಿದ್ದಾನೆ. "ಒಂದ್ ಸುತ್ತು ಕರ್ಕೊಂಡೋಗು" ಎಂದ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹಳೆಯ ದಾರಿಗೇ ಹೋದೆ. ಸಣ್ಣಗೆ ಮಳೆ. ಎದುರಿಗೆ ಕಬ್ಬಿನ ಲಾರಿ ಬಂತು.

"ಇಳ್ಸು ಮಗ, ಎಡಕ್ಕಿಳ್ಸು," ಎಂದ ಅಪ್ಪ.

ನಮ್ಮದೇ ಕೆಂಪು ಮಣ್ಣು. ಚಕ್ರ ಹಿಡಿದುಕೊಳ್ಳುತ್ತದೆಂದು ನನಗೆ ಗೊತ್ತು. ಕೈ ಇಳಿಸಲಿಲ್ಲ. ಡಾಂಬರಿನ ಮೇಲೆಯೇ ಗಾಡಿ ನಿಲ್ಲಿಸಿ ಕೂತೆ. ಲಾರಿಯವನು ಹಾರ್ನ್ ಹೊಡೆದ, ಬೈದ, ಕೊನೆಗೆ ತಾನೇ ಮಣ್ಣಿಗಿಳಿದು ದಾಟಿಕೊಂಡು ಹೋದ.

ಅಪ್ಪ ನನ್ನ ಮುಖವನ್ನೇ ನೋಡಿದ. "ಯಾರ್ ಮಗ ನಿಂಗೆ ಹಿಂಗ್ ಕಲ್ಸಿದ್ದು?"

"ಮಹಾದೇವಿ ಅಂತ."

"ಯಾರವಳು?"

"ನಮ್ಮೂರವಳು ಅಪ್ಪ."

ಅಪ್ಪ ತನಗೆ ಗೊತ್ತಿರುವ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕಿದನೆಂದು ಕಾಣುತ್ತದೆ. ತುಸು ಹೊತ್ತಾದ ಮೇಲೆ ಕೇಳಿದ:

"ಯಾವ್ ನಮ್ಮೂರು ಮಗ?"

ನಾನು ಗೇರು ಹಾಕಿದೆ. ಮುಂದಿನ ಗಾಜಿನ ಮೇಲೆ ಮಳೆ ನೀರು ಬೀಳುತ್ತಿತ್ತು, ಫಳಫಳ ಹೊಳೆಯುತ್ತಿತ್ತು.