ಸೀದಾ ಹರಿದ ಅರಿವೆ

ಹೊಸ ಅರಿವೆಯ ಗಂಜಿ ವಾಸನೆ ಮೂಗಿಗೆ ಹತ್ತದೆ ವರ್ಷವಾಗಿತ್ತು. ಗೋಕಾಕದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟವನು ನಾನು, ನೆಗಡಿ ಅಂದುಕೊಂಡೆ. ಪೇಟೆಗೆ ರೆಡಿಮೇಡ್ ಅಂಗಡಿಗಳು ಆಗಷ್ಟೇ ಬರುತ್ತಿದ್ದ ಕಾಲ. ಒಂದು ದಿನ ಅಳೆದ ಅರಿವೆಯ ಅಂಚಿಗೆ ಕತ್ತರಿ ತಾಗಿಸಿ, ಎರಡೂ ಕೈಯಿಂದ ಹರಿಯಹೋದೆ. ಬಲಗೈ ಹಿಂದೆ ಉಳಿಯಿತು.

ಅರಿವೆ ಸೊಟ್ಟ ಹರಿಯಿತು.

"ಸಾವಕಾರ್ರ, ನಿಮ್ಮ ಕೈಗೂ ವಯಸ್ಸಾತೇನ್ರಿ?" ಎಂದು ಅಂಕಲಗಿಯ ಗಿರಾಕಿ ನಕ್ಕ. ನಾನೂ ನಕ್ಕೆ. ಮುಖ ಮಾತ್ರ ನಗಲಿಲ್ಲವಂತೆ. ಒಳಗೆ ಕೂತಿದ್ದ ನನ್ನ ಹೆಂಡತಿ ಪದ್ಮಾ ಆಮೇಲೆ ಹೇಳಿದಳು.

ಬೆಳಗಾವಿಯ ಡಾಕ್ಟರು ಪಾರ್ಕಿನ್ಸನ್ ಎಂದರು, ವಾಸನೆ ಹೋದದ್ದೂ ಅದರದೇ ಮುನ್ಸೂಚನೆ ಎಂದರು. ಮೆದುಳಿನಲ್ಲಿ ಡೋಪಮಿನ್ ಎಂಬ ರಸ ಬತ್ತುತ್ತಿದೆ. ಲೆವೊಡೋಪಾ ಗುಳಿಗೆ ಅಲ್ಲಿಗೆ ಹೋಗಿ ಅದೇ ರಸವಾಗುತ್ತದೆ. ನನಗೆ ಬೇಸಿಗೆಯ ಗೋಕಾಕ ಫಾಲ್ಸ್ ಕಣ್ಣ ಮುಂದೆ ಬಂತು. ಬಂಡೆ ಇದೆ, ದಾರಿ ಇದೆ, ಬೀಳಲು ನೀರಿಲ್ಲ.

"ಅಂಗಡ್ಯಾಗ ಕುಂಡ್ರಾಕ ಆಕ್ಕೈತೇನ್ರಿ?" ಅದೊಂದನ್ನೇ ಕೇಳಿದೆ.

"ಗುಳಿಗಿ ಹತ್ತಿದ್ರ ಆಕ್ಕೈತ್ರಿ."

ದಿನಕ್ಕೆ ಮೂರು. ಕೊನೆಯದು ರಾತ್ರಿ ಎಂಟಕ್ಕೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟುವುದಿಲ್ಲ. ಡಾಕ್ಟರ ಎದುರು ಹೇಳಲು ಸಂಕೋಚ. ಪದ್ಮಾ ತಾನೇ ಹಾದಿ ಹುಡುಕಿದಳು: ಕೊನೆಯ ಗುಳಿಗೆ ಸಂಜೆಯ ಊಟದಲ್ಲೇ. ಬರಿ ಹೊಟ್ಟೆಯಲ್ಲಿ ನುಂಗಿದರೆ ಸುಟ್ಟೀತೆಂದು ಉಳಿದೆರಡೂ ಊಟದ ಜೊತೆಗೇ. ಗಟ್ಟಿ ಬೇಳೆ, ಮೇಲೊಂದು ವಾಟಗಾ ತುಂಬ ಹಾಲು.

ಕೈ ಹಿಡಿತಕ್ಕೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ, ಗಿರಾಕಿಗಳು ತುಂಬಿದ ಅಂಗಡಿಯಲ್ಲಿ, ಅಳತೆಯ ಕೋಲಿನಂತೆ ಬಿಗಿದುಕೊಳ್ಳುತ್ತಿದ್ದೆ. ಗುಳಿಗೆ ಹೆಚ್ಚಿಸಿದರು. ಆಗ ಕನಸುಗಳು ಬಂದವು. ಅರಿವೆ ಸುತ್ತಿದ ಥಾನುಗಳು ತಾವೇ ಬಿಚ್ಚಿಕೊಂಡು ಘಟಪ್ರಭೆಯ ಮೇಲೆ ತೇಲಿ ಹೋಗುತ್ತಿದ್ದವು, ನೀಲಿ, ಕೆಂಪು, ಅರಿಶಿನ. ನಾನು ದಂಡೆಯ ಮೇಲೆ ನಿಂತು ಅಳೆದು ಅಳೆದು ಬಿಡುತ್ತಿದ್ದೆ, ಕೈ ನಡುಗದೆ. ಎದ್ದರೆ ಅಂಗಿಯ ಗುಂಡಿ ಹಾಕಲೂ ಪದ್ಮಾ ಬೇಕು.

ಅಂಗಡಿ ಮುಚ್ಚೋಣ ಎಂದೆ.

ಅವಳು ಕೇಳಲಿಲ್ಲ, ಇನ್ನೊಮ್ಮೆ ಬೆಳಗಾವಿಗೆ ಕರೆದೊಯ್ದಳು.

"ಗುಳಿಗಿ ಎದರ ಜೋಡಿ ಕೊಡ್ತೀರಿ?" ಎಂದರು ಡಾಕ್ಟರು. ವ್ರತ, ಬೇಳೆ, ಹಾಲು, ಎಲ್ಲವನ್ನೂ ಪದ್ಮಾ ಅಭಿಮಾನದಿಂದ ಹೇಳಿದಳು. ಬೇಳೆ ಹಾಲಿನ ಪ್ರೋಟೀನಿಗೂ ಈ ಗುಳಿಗೆಗೂ ಬಾಗಿಲು ಒಂದೇ ಅಂತೆ. ಬೇಳೆ ಮುಂದೆ ನುಗ್ಗಿದರೆ ಗುಳಿಗೆ ಹೊರಗೇ ನಿಲ್ಲುತ್ತದಂತೆ. ಅವಳ ಮುಖ ಸಣ್ಣದಾಯಿತು.

"ಅಂದ್ರ ಅಡ್ಡ ನಿಂತಾಕಿ ನಾನ ಅಂದಂಗಾತು."

"ಸೂರ್ಯನ್ನ ತಡ್ಯಾಕ ಆಗೂದಿಲ್ರಿ ತಾಯಿ, ಬ್ಯಾಳಿ ತಡೀಬಹುದು," ಎಂದು ಡಾಕ್ಟರು ನಕ್ಕರು. "ಗುಳಿಗಿ ಮದ್ಲ, ಬರೇ ನೀರಾಗ. ಊಟ ಒಂದ್ ತಾಸ್ ಬಿಟ್ಟು."

ಈಗ ನಾಲ್ಕೂವರೆಗೆ ಕೊನೆಯ ಗುಳಿಗೆ. ಹೊತ್ತು ಮುಳುಗುವ ಮೊದಲು ರೊಟ್ಟಿ, ಪಲ್ಯ. ಇರುಳು ಗುಳಿಗೆಯ ಬಲ ಇಳಿದು ಮೈ ಮರವಾಗುತ್ತದೆ. ಮಗ್ಗುಲು ಹೊರಳಿಸುವವಳು ಪದ್ಮಾ. ಅದನ್ನು ಒಪ್ಪಿಕೊಂಡಿದ್ದೇನೆ. ಆದರೆ ಐದರ ಸುಮಾರಿಗೆ ಎಲ್ಲಿಂದಲೋ ನೀರು ಬಂಡೆಯ ತುದಿಗೆ ಬರುತ್ತದೆ. ಕಳೆದ ವಾರ ಅದೇ ಅಂಕಲಗಿಯವನಿಗೆ ಮೂರು ಮೀಟರ್ ಹರಿದುಕೊಟ್ಟೆ.

ಸರ್ರನೆ. ಸೀದಾ.

ವಾಸನೆ ಮಾತ್ರ ಮರಳಿಲ್ಲ. ಹೊಸ ಥಾನು ಬಂದಾಗ ಪದ್ಮಾ ಬಿಚ್ಚಿ ಮೂಸುತ್ತಾಳೆ. "ಅನ್ನದ ಗಂಜಿ ಬಿಸಲಾಗ ಒಣಗಿದಂಗ ಐತ್ರಿ," ಎನ್ನುತ್ತಾಳೆ.

ನಾನು ಹೂಂ ಎಂದು ಕಣ್ಣು ಮುಚ್ಚುತ್ತೇನೆ.