ರಾಮನಗರದಲ್ಲಿ ನಾನು ಬಿಚ್ಚಿದ ಹುರಿ

ಮೊದಲ ದಿನ ಬೆಳಿಗ್ಗೆ ಐದಕ್ಕೆ ಕಿಟಕಿ ತೆರೆದರೆ ಮುಖಕ್ಕೆ ಬಡಿದದ್ದು ರೇಷ್ಮೆಗೂಡು ಬೇಯುವ ವಾಸನೆ. ವಿಜಯಪುರದ ಒಣ ಗಾಳಿಗೆ ಒಗ್ಗಿದ ನಾನು, ಕೋಣೆಯಲ್ಲೇ ಏನೋ ಕೆಟ್ಟಿದೆಯೆಂದು ಮೂಲೆ ಮೂಲೆ ಹುಡುಕಿದೆ. ಇಲ್ಲಿಯವರಿಗೆ ಅದು ವಾಸನೆಯೇ ಅಲ್ಲ.

ದೂರವಾಣಿ ಇಲಾಖೆಯಲ್ಲಿ ಕೇಬಲ್ ಜೋಡಿಸುತ್ತಿದ್ದವನು ನಾನು. ನಿವೃತ್ತಿಯಾದ ಮೇಲೆ ಮನೆಯನ್ನು ತಮ್ಮನ ಸಂಸಾರಕ್ಕೆ ಬಿಟ್ಟು, ರಾಮನಗರದ ಒಂದು ರೇಷ್ಮೆ ಸೀರೆ ಘಟಕಕ್ಕೆ ಬಂದೆ. ಮುಂದೆ ವಿನ್ಯಾಸ ಬರೆಯುವ ಕಂಪ್ಯೂಟರ್‌ಗಳು, ಹಿಂದೆ ನೂಲಿಗೆ ಹುರಿ ಹಾಕುವ ಯಂತ್ರಗಳು ಮತ್ತು ಮಗ್ಗಗಳ ಶೆಡ್. ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಜಾಲ, ಅಂದರೆ ಲ್ಯಾನ್, ನನ್ನ ಹೊಣೆ. ಮೂರು ತಿಂಗಳು ನೋಡೋಣ ಎಂದಿದ್ದರು ಮಾಲೀಕ ನಂಜೇಗೌಡರು. ಮಹಡಿಯ ಕೋಣೆ ಕೆಲಸದ ಜೊತೆಗೆ ಸಿಕ್ಕಿದ್ದು. ಕೆಲಸ ಹೋದರೆ ಕೋಣೆಯೂ ಹೋಯಿತು; ಊರಿಗೆ ಮರಳಿದರೆ ನನ್ನ ಮನೆಗೇ ನಾನು ಬೀಗನಂತೆ.

ನಮ್ಮಲ್ಲಿ ರೊಟ್ಟಿ ಅಗಿಯದೆ ಇಳಿಯದು. ಇಲ್ಲಿ ಮುದ್ದೆ ಅಗಿದರೆ ನಗುತ್ತಾರೆ. ನುಂಗುವುದನ್ನು ಎರಡು ವಾರದಲ್ಲಿ ಕಲಿತೆ. ನಮ್ಮ ‘ತುಸು’ ಇಲ್ಲಿ ‘ಒಸಿ’. ಭಾನುವಾರ ಮಧ್ಯಾಹ್ನ ಮಾತಿಗೆ ಯಾರೂ ಸಿಗದಾಗ, ಪ್ರತಿ ಕೇಬಲ್ಲಿಗೂ ಹೆಸರಿನ ಚೀಟಿ ಅಂಟಿಸುತ್ತ ಕೂರುತ್ತಿದ್ದೆ.

ಮೂರನೆಯ ತಿಂಗಳು, ಜಾಲದ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಹತ್ತು ಪಟ್ಟು ವೇಗದ ಹೊಸ ಸ್ವಿಚ್, ಬಂತು. ಕೇಬಲ್ಲಿನ ತುದಿಗಳನ್ನೆಲ್ಲ ಇಲಾಖೆಯ ಶಿಸ್ತಿನಲ್ಲೇ ಹೊಸದಾಗಿ ಕಟ್ಟಿದೆ: ಜೋಡಿ ತಂತಿಗಳ ಹುರಿಯನ್ನು ಬೆರಳುದ್ದ ಬಿಚ್ಚಿ, ಗೆರೆ ಎಳೆದಂತೆ ನೇರ ಮಾಡಿ, ಪ್ಲಗ್ಗಿಗೆ ಸೇರಿಸಿದೆ. ಪರೀಕ್ಷಿಸುವ ಯಂತ್ರದ ಎಂಟು ದೀಪಗಳೂ ಹಸಿರು. ಆದರೆ ಸೆರಗಿನ ವಿನ್ಯಾಸ ಕಳಿಸಿದರೆ ಮಗ್ಗ ತಲುಪುವ ಮೊದಲೇ ತಡವರಿಸಿ ನಿಲ್ಲುತ್ತಿತ್ತು. ಹಳೆಯ ವೇಗಕ್ಕೆ ಇಳಿಸಿದರೆ ಸುಸೂತ್ರ. ಶನಿವಾರದೊಳಗೆ ಸರಿಹೋಗದಿದ್ದರೆ ಬೆಂಗಳೂರಿನಿಂದ ಬೇರೆಯವರನ್ನು ಗೊತ್ತು ಮಾಡುವುದಾಗಿ ಗೌಡರು ತಿಳಿಸಿದರು.

ಗುರುವಾರ ಚಹಾದ ಹೊತ್ತಿಗೆ ಇನ್ನೊಂದು ತುದಿಯ ತಂತಿಗಳನ್ನು ಬಿಚ್ಚಿ ನೇರ ಮಾಡುತ್ತಿದ್ದಾಗ, ಗೌರಮ್ಮ ನನ್ನ ಮೇಜಿನ ಬಳಿ ನಿಂತರು. ಉಯ್ಯಂಬಳ್ಳಿ ಕಡೆಯವರು, ಹುರಿ ಯಂತ್ರದಲ್ಲಿ ಹಳೆಯ ಕೈ.

“ಏನ್ ಸಾ, ಮದ್ವೆ ಎಣ್ಣಿನ ತಲೆ ಬಾಚ್ದಂಗೆ ಬಾಚ್ತಾ ಇದ್ದೀರಿ?”

“ನೀಟಾಗಿರಬೇಕಲ್ಲವ್ವ,” ಎಂದೆ.

“ಹುರಿ ಬುಟ್ಟ ನೂಲು ನಿಧಾನುಕ್ಕೆ ಸುತ್ತುದ್ರೆ ತಡೀತದೆ ಸಾ. ಮಿಷನ್ ಜೋರು ಮಾಡಿ, ಪಕ್ಕದ ಎಳೆಗೆ ಸಿಕ್ಕಾಕತದೆ.”

ಅವರು ಮಾತಾಡಿದ್ದು ನೂಲಿನದು. ನಾನು ಇಕ್ಕಳ ಕೆಳಗಿಟ್ಟೆ. ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ತಾಗದಂತೆ ಕಾಯುವುದೇ ತಂತಿಯ ಹುರಿ. ಟೆಲಿಫೋನಿನ ಮಾತಿಗೆ ಅಷ್ಟಿಷ್ಟು ಸದ್ದು ನಡೆಯುತ್ತಿತ್ತು. ಈ ವೇಗಕ್ಕೆ ನಡೆಯದು. ಇದನ್ನು ಓದಿದ್ದೆ ಕೂಡ. ಕೈ ಮಾತ್ರ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ಅಂದೇ ಶುರು ಮಾಡಿದೆ. ಪ್ರತಿ ತುದಿಯನ್ನೂ ಕತ್ತರಿಸಿ, ಪ್ಲಗ್ಗಿನ ಬಾಯಿವರೆಗೂ ಹುರಿ ಉಳಿಸಿ ಮತ್ತೆ ಕಟ್ಟಿದೆ. ಸೊಟ್ಟಗೆ ಕಂಡರೂ ಬಾಚಲಿಲ್ಲ. ಶನಿವಾರ ಗೌಡರು ನೋಡುತ್ತಿದ್ದಂತೆ ಸೆರಗು ಕಳಿಸಿದೆ. ಅವರು ಶೆಡ್ಡಿಗೆ ನಡೆದು ಹೋಗುವುದರೊಳಗೆ ಅದು ಮಗ್ಗದಲ್ಲಿತ್ತು. ಇನ್ನೊಂದು ಕಳಿಸಿ ಎಂದರು. ಅದೂ ತಲುಪಿತು.

“ಇರಿ ಯಜಮಾನ್ರೇ, ಎಲ್ಲೂ ಓಗ್ಬ್ಯಾಡಿ,” ಎಂದರು ಗೌಡರು.

ಸಂಜೆ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಹಾಗಾದರೆ ನಿನ್ನ ಹಳೆಯ ಉಪಕರಣದ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿ ಕಳಿಸಲೇ ಎಂದು ಕೇಳಿದ. ಬೇಡ, ಅದು ಅಲ್ಲೇ ಇರಲಿ, ನನ್ನ ಮಂಚದ ಕೆಳಗೆ, ಊರಿಗೆ ಬಂದಾಗ ಬೇಕಾಗುತ್ತದೆ ಎಂದೆ. ಸೋಮವಾರ ಇಲ್ಲಿನ ಪೇಟೆಯಲ್ಲಿ ಹೊಸದೊಂದು ಕೊಂಡೆ.